ಡೀಬಗ್ಗರ್ ಹೇಳಿದ ಚಾಡಿ

ಕಾಡಪ್ಪನಿಗೆ ಶಶಿಕುಮಾರನ ಮೇಲೆ ಈಗ ಸಿಟ್ಟಿಲ್ಲ. ಮುತ್ತುವಿನ ಮೇಲೆ ಇದೆಯೋ ಇಲ್ಲವೋ ಅವನಿಗೇ ಸರಿಯಾಗಿ ಗೊತ್ತಿಲ್ಲ. ಆದರೆ ಆ ಕಪ್ಪು ಲ್ಯಾಪ್‌ಟಾಪಿನ ಮೇಲೆ ಮಾತ್ರ ಇವತ್ತಿಗೂ ಇದೆ. ಅದು ಮೇಜಿನ ಮೇಲೆ ಬಾಯಿ ತೆರೆದು ಕೂತಿದ್ದರೆ ಅವನು ಆ ಕಡೆ ಹಾಯುವುದಿಲ್ಲ, ಶೆಡ್ಡಿನ ಹಿಂಬಾಗಿಲಿನಿಂದ ಸುತ್ತಿಕೊಂಡು ಬರುತ್ತಾನೆ. ಚಾಡಿ ಹೇಳಿದವನು ಮನುಷ್ಯನಾಗಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಲ್ಯಾಪ್‌ಟಾಪಿಗೆ ಕೊರಳೇ ಇಲ್ಲ.

ನಾಗಸಂದ್ರ ಮೆಟ್ರೊ ಸ್ಟೇಷನ್ನಿನಿಂದ ಒಳಕ್ಕೆ ಹೋದರೆ, ಗ್ರಾನೈಟ್ ಅಂಗಡಿಗಳ ಹಿಂದೆ ಶ್ಯಾಮಣ್ಣನ ಶೆಡ್ಡು. ಖಾರದಪುಡಿ, ಸಾಂಬಾರುಪುಡಿಗಳನ್ನು ತುಂಬಿ, ಪ್ಲಾಸ್ಟಿಕ್ ಹಾಳೆಗೆ ಕಾಯಿಸಿ ಅಂಟು ಹಾಕಿ, ಪ್ಯಾಕೆಟ್ ಉದುರಿಸುವ ಮಷೀನುಗಳು ಅಲ್ಲಿ ತಯಾರಾಗುತ್ತವೆ. ತಯಾರಾದ ಮಷೀನನ್ನು ಗಿರಾಕಿಗೆ ಕಳಿಸುವ ಮುಂಚೆ ಓಡಿಸಿ ನೋಡುವುದು ಕಾಡಪ್ಪನ ಕೆಲಸ. ಖಾರದಪುಡಿ ಹಾರಿದಾಗ ಶೆಡ್ಡಿಗೆ ಶೆಡ್ಡೇ ಸೀನುತ್ತದೆ, ಕಾಡಪ್ಪ ಸೀನುವುದಿಲ್ಲ. ಒಳಗೆ ಇರುವ ಖಾರಕ್ಕೆ ಹೊರಗಿನದು ಹೆದರುತ್ತದೆ ಎನ್ನುವುದು ಅವನ ಹೆಂಡತಿ ಚನ್ನಕ್ಕನ ಅಭಿಪ್ರಾಯ.

ಕಾಡಪ್ಪ ಮುದ್ದೇಬಿಹಾಳದ ಕಡೆಯವನು. ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಾಸ್ತರರ ಸೀಮೆಸುಣ್ಣದ ಡಬ್ಬಿ ಕಾಣೆಯಾಗಿ, ಅವರು ಕಾಡಪ್ಪನ ಚೀಲ ಜಾಡಿಸಿದರು. ಡಬ್ಬಿ ಅವರ ಕುರ್ಚಿಯ ಕೆಳಗೇ ಸಿಕ್ಕಿತು. ಮಾಸ್ತರರು ನಕ್ಕರು, ಹುಡುಗರೂ ನಕ್ಕರು. ಕಾಡಪ್ಪ ಚೀಲ ಎತ್ತಿಕೊಂಡು ಮನೆಗೆ ಹೋದವನು ಶಾಲೆಯ ಮುಖ ಮತ್ತೆ ನೋಡಲಿಲ್ಲ. ಆಮೇಲೆ ಗೌಂಡಿ ಕೆಲಸ, ಅಲ್ಲಿಂದ ಬೆಂಗಳೂರು, ಅಲ್ಲಿಂದ ಪೀಣ್ಯದ ಒಂದೊಂದೇ ಶೆಡ್ಡು. ಕೆಲವು ಕಡೆ ಅವನೇ ಬಿಟ್ಟ, ಕೆಲವು ಕಡೆ ಅವರು ಬಿಡಿಸಿದರು. ಕಾರಣ ಮಾತ್ರ ಎಲ್ಲ ಕಡೆಯೂ ಒಂದೇ: ಮಾಡದ ತಪ್ಪನ್ನು ತಲೆಗೆ ಕಟ್ಟಿದರೆ ಅವನ ಕೈಗೆ ಏನು ಸಿಗುತ್ತದೆಯೋ ಅದು ಹಾರುತ್ತದೆ.

ಶ್ಯಾಮಣ್ಣನ ಮಷೀನುಗಳಿಗೆ ಒಂದು ಕಟ್ಟುಪಾಡು ಉಂಟು. ಬಾಗಿಲು ತೆರೆದಿದ್ದರೆ ಓಡುವುದಿಲ್ಲ. ಆದರೆ ಪರೀಕ್ಷೆ ಮಾಡುವವನಿಗೆ ಒಳಗಿನ ಆಟ ಕಾಣಬೇಕಲ್ಲ, ಅದಕ್ಕೊಂದು ಕೀಲಿ. ಅದನ್ನು ಹಾಕಿ ತಿರುಗಿಸಿದರೆ ಬಾಗಿಲು ತೆರೆದಿದ್ದರೂ ಮಷೀನು ಓಡುತ್ತದೆ. ಇಡೀ ಶೆಡ್ಡಿಗೆ ಅಂಥ ಕೀಲಿ ಒಂದೇ. ಅದು ಇದ್ದದ್ದು ಕಾಡಪ್ಪನ ಉಡದಾರದಲ್ಲಿ.

ಮುತ್ತು ಅವನ ಊರಿನವನೇ, ಫಿಟ್ಟರ್. ಕಾಡಪ್ಪನೇ ಕರೆತಂದು, ಶ್ಯಾಮಣ್ಣನ ಮುಂದೆ ನಿಲ್ಲಿಸಿ, "ಇಂವ ನನ್ನ ತಮ್ಮನ ಮಗ ಇದ್ಹಂಗ್ರಿ" ಎಂದು ಕೆಲಸ ಕೊಡಿಸಿದ್ದ. ಲಕ್ಷ್ಮಮ್ಮನ ವಠಾರದಲ್ಲಿ ಇಬ್ಬರದೂ ಒಂದೇ ಸಾಲು. ಮುತ್ತುವಿನ ರಾತ್ರಿಯ ರೊಟ್ಟಿ ಚನ್ನಕ್ಕನ ಹಂಚಿನಲ್ಲೇ ಆಗುತ್ತಿತ್ತು.

ದಸರೆಗೆ ಸ್ವಲ್ಪ ಮುಂಚೆ, ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ಹೊಸದು ಹಾಕಿದ ಮೊದಲ ಮಷೀನು ತಯಾರಾಯಿತು. ಬಾಗಿಲು ತೆರೆದು, ಒಳಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಹಾಳೆಯನ್ನು ಮುತ್ತು ಬಿಡಿಸುತ್ತಿದ್ದ. ಕಾಡಪ್ಪ ಪಕ್ಕದಲ್ಲೇ ನಿಂತು ಚಹಾ ಊದುತ್ತಿದ್ದ. ಹಾಳೆಗೆ ಅಂಟು ಹಾಕುವ ಕಾದ ಅಚ್ಚು ಧಡ್ ಎಂದು ಕೆಳಗೆ ಬಂತು. ಮುತ್ತುವಿನ ಎರಡು ಬೆರಳು ಸುಟ್ಟವು.

ಅವನನ್ನು ಕ್ಲಿನಿಕ್ಕಿಗೆ ಕಳಿಸಿದ ಮೇಲೆ ಶಶಿಕುಮಾರ ಲ್ಯಾಪ್‌ಟಾಪು ತಂದ. ಹೊಸ ಬೋರ್ಡಿನ ಪ್ರೋಗ್ರಾಮು ಬರೆದವನು ಅವನೇ. ವೈರು ಚುಚ್ಚಿ, ಅಚ್ಚು ಬಿದ್ದ ಹೊತ್ತಿಗೆ ಮಷೀನಿನ ನೆನಪಿನಲ್ಲಿ ಏನೇನಿತ್ತೋ ಅದನ್ನೆಲ್ಲ ಇದ್ದ ಹಾಗೇ ಇಳಿಸಿಕೊಂಡು, ಡೀಬಗ್ಗರ್ ತೆರೆದ. ಡೀಬಗ್ಗರ್ ಎಂದರೆ ಇನ್ನೊಂದು ಪ್ರೋಗ್ರಾಮಿನ ಹೊಟ್ಟೆಯೊಳಗೆ ಇಣುಕಿ, ಯಾವ ಖಾನೆಯಲ್ಲಿ ಏನಿದೆ ಎಂದು ಪರದೆಯ ಮೇಲೆ ಸಾಲಾಗಿ ತೋರಿಸುವ ಪ್ರೋಗ್ರಾಮು.

"ಸಾರ್, ಡೋರ್ ಓಪನ್. ಕೀ ಆನ್," ಎಂದ ಶಶಿಕುಮಾರ. "ಯಾರೋ ಕೀ ಹಾಕಿ ಓಡ್ಸಿದ್ದಾರೆ."

ಯಾರೋ ಎಂದರೂ ಎಲ್ಲರ ಕಣ್ಣು ಒಂದೇ ಸೊಂಟದ ಮೇಲೆ ಬಿದ್ದವು.

"ಕೀಲಿ ನನ್ನ ನಡದಾಗ ಐತ್ರಿ," ಎಂದ ಕಾಡಪ್ಪ.

"ಈಗ ಇದೆ ಅಣ್ಣ. ಆವಾಗ?"

"ಆವಾಗೂ ಇತ್ತು! ನಿಮ್ಮ ಡಬ್ಬಿ ಸುಳ್ಳ ಹೇಳಾಕತ್ತೈತಿ."

"ಡೀಬಗ್ಗರ್‌ಗೆ ಸುಳ್ಳು ಹೇಳಕ್ಕೆ ಬರಲ್ಲ ಅಣ್ಣ. ಇದ್ದಿದ್ದನ್ನ ತೋರ್ಸುತ್ತೆ ಅಷ್ಟೆ."

ಕಾಡಪ್ಪನ ಕೈಗೆ ಸಿಕ್ಕಿದ್ದು ಸ್ಪ್ಯಾನರು. ಅದು ಲ್ಯಾಪ್‌ಟಾಪಿಗೆ ತಗಲದೆ ಚಹಾದ ಫ್ಲಾಸ್ಕಿಗೆ ತಗಲಿತು. ಶ್ಯಾಮಣ್ಣ ಒಡೆದ ಫ್ಲಾಸ್ಕನ್ನು ನೋಡಿ, "ತಪ್ಪು ಮಾಡ್ದೋನು ಇಂಗೆ ಆಡಲ್ಲ ಕಣೋ ಕಾಡಪ್ಪ," ಎಂದ. ಸ್ವಲ್ಪ ಯೋಚಿಸಿ, "ಮಾಡ್ದೆ ಇರೋನೂ ಆಡಲ್ಲ," ಎಂದು ಸೇರಿಸಿ, ಕೀಲಿಗಾಗಿ ಕೈ ಚಾಚಿದ. "ಹಬ್ಬ ಕಳೀಲಿ. ಆಮೇಲೆ ನೋಡಾಣ."

ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಸಂಜೆ ಮುತ್ತು ಕೈಗೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ಬಂದು, "ಕಾಕಾ, ಕೀಲಿ ನೀ ಹಾಕಿದ್ದೇನು?" ಎಂದು ಕೇಳಿದ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಮನೆಯ ಮಗನಂಥವನೂ ಕೇಳಿದನಲ್ಲ ಎಂಬುದು ಕಾಡಪ್ಪನ ನೆತ್ತಿಗೇರಿತು.

"ಹೂಂ, ಹಾಕಿದ್ನಿ! ಪಂಚಾಂಗ ತಗಸಿ, ಚಲೋ ಮುಹೂರ್ತ ನೋಡಿ, ನಿನ್ನ ಬೆರಳ ಸುಡಬೇಕಂತನ ಹಾಕಿದ್ನಿ! ಹೋಗ್!"

ಮುತ್ತು ಹೋದ. ಅಂದಿನಿಂದ ರೊಟ್ಟಿಗೆ ಬರಲಿಲ್ಲ.

"ಮಷೀನಿನ ಬಾಗಲಾ ಕಾಯ್ತೀರಿ," ಎಂದಳು ಚನ್ನಕ್ಕ, "ಬಾಯಿಗೊಂದು ಬಾಗಲಾ ಇಲ್ಲ." ಆದರೂ ಹಿಟ್ಟನ್ನು ಮೂವರಿಗಾಗುವಷ್ಟೇ ಕಲಸುತ್ತಿದ್ದಳು. ಉಳಿದ ರೊಟ್ಟಿಯನ್ನು ಕಾಡಪ್ಪ ಬೆಳಿಗ್ಗೆ ತಿನ್ನುತ್ತಿದ್ದ. ಕೆಲಸ ಹೋದರೆ ಪೀಣ್ಯದಲ್ಲಿ ಇನ್ನೊಂದು ಶೆಡ್ಡು ಸಿಗುತ್ತದೆ. ಕೈ ಸುಟ್ಟವನು ನನ್ನ ಕಾಕಾ ಎಂದು ಊರಲ್ಲಿ ಮುತ್ತು ಹೇಳಿದರೆ, ಇನ್ನೊಂದು ಊರು ಎಲ್ಲಿ ಸಿಗುತ್ತದೆ? ಈಗ ಇದ್ದದ್ದು ಒಂದೇ ಆಸೆ. ವಿಜಯದಶಮಿಯ ದಿನ ಅವರ ಕಡೆ ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎನ್ನುವುದುಂಟು. ವರ್ಷದ ಜಗಳವೆಲ್ಲ ಅಲ್ಲಿಗೆ ಸರಿ. ಚಿಕ್ಕವರು ದೊಡ್ಡವರ ಬಾಗಿಲಿಗೆ ಬಂದು ಕೊಡಬೇಕು. ಮುತ್ತು ಬಂದರೆ ನಂಬಿದ ಹಾಗೆ. ಬಾರದಿದ್ದರೆ ಇಲ್ಲ.

ಅದರ ಹಿಂದಿನ ದಿನ ಶೆಡ್ಡಿನಲ್ಲಿ ಆಯುಧಪೂಜೆ. ಶ್ಯಾಮಣ್ಣನ ಲೆಕ್ಕದಲ್ಲಿ ಆಯುಧವಲ್ಲದ್ದು ಯಾವುದೂ ಇಲ್ಲ. ಲೇತು, ಡ್ರಿಲ್ಲು, ಸ್ಪ್ಯಾನರು, ತನ್ನ ಸ್ಕೂಟರು, ಕೊನೆಗೆ ಆ ಲ್ಯಾಪ್‌ಟಾಪಿಗೂ ಕುಂಕುಮ. ಕಾಡಪ್ಪನ ಕೀಲಿ ತಟ್ಟೆಯಲ್ಲಿ ಅಡಿಕೆಯ ಪಕ್ಕ ಕೂತಿತ್ತು. ಹೊಸ ಮಷೀನಿಗೆ ಬಾಳೆಕಂದು ಕಟ್ಟಿ, ಬಾಗಿಲಿನ ಹಿಡಿಗೆ ಅಡ್ಡಲಾಗಿ ಚೆಂಡುಹೂವಿನ ಹಾರ ಬಿಗಿದಿದ್ದರು. ಮಂಗಳಾರತಿಯ ಹೊತ್ತಿಗೆ ಎಲ್ಲ ದೀಪಗಳೂ ಉರಿಯುತ್ತಿರಬೇಕು ಎನ್ನುವುದು ಶ್ಯಾಮಣ್ಣನ ಹಠ. ಆದ್ದರಿಂದ ಮಷೀನಿಗೆ ಕರೆಂಟು ಕೊಟ್ಟಿದ್ದರು, ಶಶಿಕುಮಾರ ಲ್ಯಾಪ್‌ಟಾಪಿನ ವೈರು ಚುಚ್ಚಿ ಡೀಬಗ್ಗರಿನ ಹಸಿರು ಅಕ್ಷರಗಳನ್ನೂ ಬೆಳಗಿಸಿದ್ದ.

ವನಜಾ ಮೇಡಂ ಮಾರತ್ತಹಳ್ಳಿಯಿಂದ ಬಂದಿದ್ದರು. ಆ ಡೀಬಗ್ಗರ್ ಬರೆದವರು ಅವರೇ, ಈಗ ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಾರೆ, ಆಯುಧಪೂಜೆಯ ಕಡಲೆಪುರಿಗೆ ಮಾತ್ರ ತಪ್ಪಿಸುವುದಿಲ್ಲ. ಆರತಿ ತೆಗೆದುಕೊಳ್ಳಲು ಬಗ್ಗಿದವರು ಪರದೆ ನೋಡಿ ಹಾಗೇ ನಿಂತರು.

"ಶಶಿ, ಇದೇನಿದು? ಡೋರ್ ಓಪನ್ ಅಂತಿದೆ?"

ಎಲ್ಲರೂ ಬಾಗಿಲ ಕಡೆ ನೋಡಿದರು. ಹಾರ ಹಾಕಿಕೊಂಡು ಭದ್ರವಾಗಿ ಮುಚ್ಚಿತ್ತು.

"ಕೀ ಆನ್ ಅಂತಾನೂ ಇದೆ. ಕೀ ಎಲ್ಲಿ?"

ಶ್ಯಾಮಣ್ಣ ತಟ್ಟೆ ಎತ್ತಿ ತೋರಿಸಿದ. "ಅಡಿಕೆ ಪಕ್ದಲ್ಲಿ."

"ಹಳೇ ಡೇಟಾ ಇರ್ಬೇಕು ಮೇಡಂ," ಎಂದ ಶಶಿಕುಮಾರ.

"ಈಗ ತಾನೇ ಕರೆಂಟ್ ಕೊಟ್ಟಿದ್ದೀರ. ಹಳೇದು ಹೇಗೆ ಇರುತ್ತೆ?" ಎನ್ನುತ್ತ ಅವರು ಲ್ಯಾಪ್‌ಟಾಪಿಗೆ ಕೈ ಹಾಕಿದರು.

ಶ್ಯಾಮಣ್ಣ ಅಡ್ಡ ಬಂದ. "ಮುಟ್ಬೇಡಿ ತಾಯಿ! ಪೂಜೆಗಿಟ್ಟಿದ್ದು. ದಶಮಿ ಕಳೀಲಿ."

"ಎರಡೇ ನಿಮಿಷ ಶ್ಯಾಮಣ್ಣ."

"ನಮ್ಮಪ್ಪ ನೇಗಿಲು ಮುಟ್ತಿರ್ಲಿಲ್ಲ ಈ ದಿನ. ನೀವು ಪುರಿ ತಗಳಿ."

ಕಾಡಪ್ಪನಿಗೆ ಬಾಯಿ ಬಿಡಬೇಕೆನಿಸಿತು, ಬಿಡಲಿಲ್ಲ. ಗುಂಪಿನ ಆಚೆ ಮುತ್ತು ನಿಂತು ಪರದೆಯನ್ನೂ ಹಾರವನ್ನೂ ನೋಡುತ್ತಿದ್ದ. ಅವನು ನೋಡಿದ್ದೇ ಸಾಕು ಎಂದುಕೊಂಡ ಕಾಡಪ್ಪ.

ದಶಮಿಯ ಸಂಜೆ ಕಾಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡ. ಮುತ್ತು ಬನ್ನಿಯ ಕಟ್ಟು ಹಿಡಿದು ಸಾಲಿನ ಆ ತುದಿಯಿಂದ ಬಂದ. ಒಂದೊಂದು ಬಾಗಿಲಲ್ಲೂ ಎಲೆ ಕೊಟ್ಟು, ಬಗ್ಗಿ ಕಾಲು ಮುಟ್ಟಿದ. ಕಾಡಪ್ಪನ ಬಾಗಿಲ ಮುಂದೆ ಅವನ ಕಾಲು ನಿಧಾನವಾದವು. ಕಾಡಪ್ಪ ಕೆಮ್ಮಿದ. ಮುತ್ತು ತಲೆ ತಗ್ಗಿಸಿ ಮುಂದಿನ ಬಾಗಿಲಿಗೆ ಹೋದ.

ಚನ್ನಕ್ಕ ತಡೆಯಲಾರದೆ ಹಿಂದೆಯೇ ಹೋಗಿ ಕೇಳಿದಳು, "ಯಾಕೋ, ನಿನ್ನ ಕಣ್ಣಿಂದ ನೋಡಿದಿಯಲ್ಲ?"

"ಮೇಡಮ್ಮೋರು ಇನ್ನಾ ಏನೂ ಹೇಳಿಲ್ಲ, ಕಾಕೂ," ಎಂದ ಮುತ್ತು. "ಕಾಕಾನ ತಾನ ಹಾಕಿದ್ನಿ ಅಂದಾನ."

ಮರುದಿನ ಕುಂಬಳಕಾಯಿಯ ಚೂರುಗಳನ್ನು ಗುಡಿಸಿ, ಹಾರ ಬಿಚ್ಚಿದ ಮೇಲೆ ವನಜಾ ಮೇಡಂ ಲ್ಯಾಪ್‌ಟಾಪಿನ ಮುಂದೆ ಕೂತರು. ಬಹಳ ಹೊತ್ತಾಗಲಿಲ್ಲ.

"ಶಶಿ, ಕಾಮನ್ ಫೈಲ್ ಏನ್ ಮಾಡ್ದೆ?"

ಶಶಿಕುಮಾರ ಕಿವಿ ಕೆರೆದುಕೊಂಡ. ವನಜಾ ಎಲ್ಲರಿಗೂ ತಿಳಿಯುವಂತೆ ಹೇಳಿದರು. ಯಾವ ಖಾನೆಯಲ್ಲಿ ಏನಿರಬೇಕು, ಒಂದೊಂದು ಎಷ್ಟು ಅಗಲ ಎಂದು ಒಂದೇ ಕಡೆ ಬರೆದಿಟ್ಟ ಫೈಲು ಅದು. ಮಷೀನಿನ ಪ್ರೋಗ್ರಾಮೂ ಅದನ್ನೇ ಓದಬೇಕು, ಡೀಬಗ್ಗರೂ ಅದನ್ನೇ ಓದಬೇಕು. ಹಳೆಯ ಬೋರ್ಡಿನಲ್ಲಿ ಒಂದು ಅಂಕಿಗೆ ಎರಡು ಮನೆ ಜಾಗ ಸಾಕು. ಹೊಸದರಲ್ಲಿ ನಾಲ್ಕು ಬೇಕು.

"ಈ ಬೋರ್ಡಾದ್ರೆ ಎರಡು, ಆ ಬೋರ್ಡಾದ್ರೆ ನಾಲ್ಕು ಅಂತ ಆ ಕಾಮನ್ ಫೈಲಲ್ಲೇ ಬರೆದಿದ್ರೆ ಯಾವ ಬೋರ್ಡಿಗೆ ಹೋದ್ರೂ ಸರಿಯಾಗಿರ್ತಿತ್ತು. ಇವನು ತನಗೆ ಬೇರೆ ಕಾಪಿ ಮಾಡ್ಕೊಂಡು ಅದರಲ್ಲಿ ತಿದ್ದಿದ್ದಾನೆ. ಡೀಬಗ್ಗರ್ ಇನ್ನೂ ಹಳೇದನ್ನೇ ಓದ್ತಿದೆ. ಕೀ ಎಲ್ಲಿದೆ ಅಂತ ಎಣಿಸ್ಕೊಂಡು ಹೋಗಿ, ಬಿಸಿ ಎಷ್ಟಿದೆ ಅನ್ನೋ ಖಾನೆ ಓದುತ್ತೆ. ಬಿಸಿ ಯಾವಾಗ್ಲೂ ಸೊನ್ನೆಗಿಂತ ಜಾಸ್ತಿನೇ ಇರುತ್ತೆ. ಅದಕ್ಕೆ ಕೀ ಯಾವಾಗ್ಲೂ ಆನ್. ಬಾಗಿಲಿಂದೂ ಇದೇ ಕಥೆ, ಮುಚ್ಚಿದ್ರೂ ಓಪನ್."

"ಹಬ್ಬಕ್ಕೆ ಮುಂಚೆ ಡೆಲಿವರಿ ಇತ್ತು ಮೇಡಂ," ಎಂದ ಶಶಿಕುಮಾರ. "ನಿಮ್ಮನ್ನ ಕೇಳಿದ್ರೆ ಬೈತೀರ ಅಂತ..."

"ಈಗ ಬೈತಿಲ್ವಾ?"

ಕಾಡಪ್ಪನಿಗೆ ಅರ್ಥವಾಗಲು ತಡವಾಗಲಿಲ್ಲ. ಮೊನ್ನೆ ಮೊನ್ನೆ ಲಕ್ಷ್ಮಮ್ಮ ಸಾಲಿನ ಮೊದಲ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದಳು. ಬಾಗಿಲು ಎಣಿಸಿ ಹಾಲು ಇಟ್ಟು ಹೋಗುವವನಿಗೆ ಹೇಳಿರಲಿಲ್ಲ. ಆ ವಾರವೆಲ್ಲ ಕಾಡಪ್ಪನ ಹಾಲು ಸಾಲಿನಲ್ಲಿ ಒಂದು ಮನೆ ಹಿಂದಿನ ಹೊಸ್ತಿಲಿಗೆ ಬಿದ್ದು, ಕಾಡಪ್ಪ ಆ ಮನೆಯವರನ್ನು ಕಳ್ಳರೆಂದು ಕರೆದು ಬಂದಿದ್ದ. ಅದು ಈಗ ನೆನಪಾಯಿತು. ಯಾರಿಗೂ ಹೇಳಲಿಲ್ಲ.

ವನಜಾ ಸರಿಯಾದ ಫೈಲು ಕೂಡಿಸಿ, ಅಂದು ಇಳಿಸಿಟ್ಟುಕೊಂಡದ್ದನ್ನು ಮತ್ತೆ ಓದಿಸಿದರು. ಬಾಗಿಲು ತೆರೆದಿದೆ, ಅದು ನಿಜವೇ. ಕೀಲಿ ಇಲ್ಲ. ಬಟನ್ ಒತ್ತಿಲ್ಲ. ಗಾಳಿಯ ಒತ್ತಡ ಸೊನ್ನೆ.

"ಅಚ್ಚನ್ನ ಮೇಲೆ ಹಿಡಿದಿರೋದು ಗಾಳಿ. ಗಾಳಿ ಪೈಪ್ ಕಳಚ್ಕೊಂಡಿದೆ, ಅಚ್ಚು ತಾನಾಗೇ ಬಿದ್ದಿದೆ. ಪೈಪ್ ಕೂಡ್ಸಿದ್ದು ಯಾರು?"

ಪೈಪು ಕೂಡಿಸುವುದು ಫಿಟ್ಟರ್ ಕೆಲಸ. ಮುತ್ತು ತನ್ನ ಕೈಗೆ ಸುತ್ತಿದ ಬಟ್ಟೆಯನ್ನೇ ನೋಡುತ್ತ ನಿಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕಾಡಪ್ಪನ ನಾಲಿಗೆಯ ತುದಿಯವರೆಗೆ ಬಂತು. ಎತ್ತಿನ ಬೆರಳಿನಲ್ಲಿ ಇನ್ನೂ ಬೊಬ್ಬೆಯಿತ್ತು. ಅವನು ನುಂಗಿಕೊಂಡ.

"ಸಾರಿ ಅಣ್ಣ," ಎಂದ ಶಶಿಕುಮಾರ. ಶ್ಯಾಮಣ್ಣ ಕೀಲಿಯನ್ನು ಕುಂಕುಮದ ಸಮೇತ ಕೊಟ್ಟು, "ಫ್ಲಾಸ್ಕ್ ಮಾತ್ರ ನಿಂದೇ ಕಣಪ್ಪ," ಎಂದ. ಲ್ಯಾಪ್‌ಟಾಪು ಏನೂ ಹೇಳಲಿಲ್ಲ.

ಸಂಜೆ ಮುತ್ತು ಬಂದ. ಎಡಗೈಯಲ್ಲಿ ಬನ್ನಿಯ ಎಲೆ, ಹಿಂದಿನ ದಿನದ್ದೇ, ಬಾಡಿ ಮುರುಟಿಕೊಂಡಿತ್ತು.

"ಕಾಕಾ, ಬನ್ನಿ ತಗೋ. ಬಂಗಾರದ್ಹಂಗ ಇರೂಣು."

ಕಾಡಪ್ಪನ ಕೈ ಅರ್ಧ ಎದ್ದಿತ್ತು. ಆದರೆ ನಿನ್ನೆಯ ಕುರ್ಚಿ, ಇಸ್ತ್ರಿ ಮಾಡಿದ ಅಂಗಿ, ನಿಧಾನವಾಗಿ ಮತ್ತೆ ಮುಂದೆ ಹೋದ ಕಾಲು ಎಲ್ಲ ಒಟ್ಟಿಗೇ ನೆತ್ತಿಗೇರಿದವು.

"ಇವತ್ತ ಯಾವ ದಿನಾ?"

"ಏಕಾದಶಿ."

"ಬನ್ನಿ ದಶಮಿಗಿ ಕೊಡೂದು. ಏಕಾದಶಿಗಿ ಕೊಟ್ರ ಅದು ಬರೇ ಗಿಡದ ತಪ್ಪಲಾ. ಒಯ್ದು ಆಡಿನ ಮುಂದ ಹಾಕು."

ಮುತ್ತು ಎಲೆಯನ್ನು ಹೊಸ್ತಿಲ ಮೇಲಿಟ್ಟು ಹೋದ. ಒಳಗಿನಿಂದ ಚನ್ನಕ್ಕ, "ಸೀಮೆಸುಣ್ಣದ ಡಬ್ಬಿ ಸಿಕ್ಕ ಮ್ಯಾಲೂ ಸಾಲಿಗಿ ಹೋಗಲಿಲ್ಲ ನೀವು," ಎಂದಳು. ಕಾಡಪ್ಪ ಬೆಳಗಾಗುವವರೆಗೂ ಆ ಎಲೆಯನ್ನು ಮುಟ್ಟಲಿಲ್ಲ. ಬೆಳಿಗ್ಗೆ ನೋಡಿದರೆ ಗಾಳಿಗೆ ಹಾರಿಹೋಗಿತ್ತು. ಹಾಲಿನ ಪ್ಯಾಕೆಟ್ಟು ಮಾತ್ರ ಸರಿಯಾಗಿ ಬಿದ್ದಿತ್ತು.

ರೊಟ್ಟಿಗೆ ಮುತ್ತುವನ್ನು ಚನ್ನಕ್ಕನೇ ಎಳೆದು ತಂದಳು. ಮುಂದಿನ ದಸರೆಗೆ ಅವನು ಸಾಲಿನಲ್ಲಿ ಮೊದಲು ಕಾಡಪ್ಪನ ಬಾಗಿಲಿಗೇ ಬಂದ. ಬನ್ನಿ ಕೊಟ್ಟು ಕಾಲು ಮುಟ್ಟಿದ. ಕಾಡಪ್ಪ ತೆಗೆದುಕೊಂಡು, ಅಂಗಿಯ ಕಿಸೆಯಲ್ಲಿಟ್ಟು, "ಇದು ಈ ವರ್ಷದ್ದು," ಎಂದ.

"ಹೋದ ವರ್ಷದ್ದು, ಕಾಕಾ?"

"ಅದು ಬಾಕಿ."

"ಈಗ ಎರಡ ಕೊಡ್ಲ್ಯಾ?"

"ಎರಡ ಕೊಟ್ರ ಎರಡೂ ಈ ವರ್ಷದ್ದ ಆಗ್ತಾವ," ಎಂದ ಕಾಡಪ್ಪ. ಮುತ್ತು ಹೌದೆನ್ನುವಂತೆ ತಲೆಯಾಡಿಸಿ, ಒಳಗೆ ಹೋಗಿ ರೊಟ್ಟಿಗೆ ಕೂತ.