ಕೊಟ್ಟೂರೇಶ ಬಿಚ್ಚದ ಗಣಿದೀಪ

ಗಣಿಯ ಕೆಲಸದವರು ಸುರಂಗಕ್ಕೆ ಒಯ್ಯುತ್ತಿದ್ದ ಹಳೆಯ ಹಿತ್ತಾಳೆಯ ಗಣಿದೀಪ ಸಿಕ್ಕಿತೆಂದು ಹಲ್ಲು ಕಿಸಿಯುತ್ತ ಬರುವವರನ್ನು ಕಂಡರೆ ದಾವಣಗೆರೆ ವಿನೋಬನಗರದ ಕೊಟ್ಟೂರೇಶನಿಗೆ ಮೈಯೆಲ್ಲ ಉರಿ. ಹರಿಹರದ ಯಂತ್ರ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಓಡಿಸಿ ನಿವೃತ್ತನಾದವನು. ಹದಿಮೂರು ಗಣಿದೀಪ ಕೂಡಿಹಾಕಿದ್ದಾನೆ. ಅಸಲಿ ಯಾವುದು, ನಕಲಿ ಯಾವುದು ಎಂದು ಈ ಊರಲ್ಲಿ ಹೇಳಬಲ್ಲವನು ತಾನೊಬ್ಬನೇ ಎಂಬ ಹೆಸರೇ ಅವನ ಆಸ್ತಿ. ಹೊಸ ಹಿತ್ತಾಳೆಗೆ ಆಸಿಡ್ ಬಳಿದು ಎರಡು ತಿಂಗಳು ತಿಪ್ಪೆಯಲ್ಲಿ ಹೂತಿಟ್ಟರೆ ನೂರು ವರ್ಷದ ಕಿಲುಬು ಬರುತ್ತದೆ, ಕೊಳ್ಳುವ ಪೆದ್ದರಿಗೆ ಅಷ್ಟು ಸಾಕು. ಆದರೆ ತಳದ ತಿರುಪು ಬಿಚ್ಚಿದರೆ ಬಣ್ಣ ಬಯಲು. ಬ್ರಿಟಿಷರ ಕಾಲದ ದೀಪದ ತಿರುಪಿನ ಸುತ್ತು, ಅಂದರೆ ತ್ರೆಡ್, ಇಂಚಿನ ಅಳತೆಯದು. ಇಂದಿನ ಕಳ್ಳರಿಗೆ ಎಂಎಂ ಅಳತೆ ಬಿಟ್ಟರೆ ಬೇರೆ ಗೊತ್ತಿಲ್ಲ.

ಕಳೆದ ಭಾನುವಾರ ಶಾಮನೂರಿನ ಹೊಸ ಲೇಔಟಿನ ಯೋಗರಾಜ್ ಒಂದು ದೀಪವನ್ನು ಟವೆಲಿನಲ್ಲಿ ಸುತ್ತಿಕೊಂಡು, ಕೂಸನ್ನು ತಂದಂತೆ ತಂದ. ಕೊಟ್ಟೂರೇಶ ತಳ ಬಿಚ್ಚಿ, ಸುತ್ತು ಅಳೆಯುವ ಹಲ್ಲಿನ ಪಟ್ಟಿಗಳ ತ್ರೆಡ್ ಗೇಜು ಹಚ್ಚಿದ. ಎಂಎಂ ಹಲ್ಲು ಕಚ್ಚಿಕೊಂಡು ಕೂತಿತು.

“ಯಾವ ತಿಪ್ಪೆಯಾಗಿಂದ ಎತ್ಕೊಂಡು ಬಂದ್ರಿ? ಜಾಲರಿ ಹೊರಗೆ ಮಸಿ ಐತೆ, ಒಳಗೆ ಬತ್ತಿ ಸುಟ್ಟ ಗುರ್ತೇ ಇಲ್ಲ. ಕಣ್ಣಿರೋರು ಇಂಥದ್ದು ತಗೊಳ್ತಾರೇನ್ರಿ?”

ಯೋಗರಾಜನ ಮುಖ ಸಣ್ಣದಾಯಿತು. “ನಮಗೇನು ಗೊತ್ತಾಗ್ತೈತೆ ಸರ್. ಅಸಲಿ ಹೆಂಗಿರ್ತೈತೆ, ಒಂದು ತೋರಿಸ್ರಿ.”

ಕೊಟ್ಟೂರೇಶ ತಾನು ಮೊಟ್ಟಮೊದಲು ಕೊಂಡ ದೀಪವನ್ನೇ ಇಳಿಸಿದ. ಉಳಿದ ಹನ್ನೆರಡನ್ನೂ ಬಿಚ್ಚಿ ಅಳೆದಿದ್ದ. ಇದನ್ನು ಮಾತ್ರ ಇಲ್ಲ. ಕೊಂಡ ವರ್ಷದಿಂದಲೂ ಹೆಂಡತಿ ಸುಧಾ ಇದನ್ನು ಆಯುಧಪೂಜೆಗೆ ಇಟ್ಟು ವಿಭೂತಿ ಹಚ್ಚುತ್ತಿದ್ದಳು. ಪೂಜೆಗೆ ಕೂತದ್ದನ್ನು ಪರೀಕ್ಷೆ ಮಾಡುವುದು ದೇವರ ಜಾತಕ ಕೇಳಿದಂತೆ ಎಂದು ಅವನು ಕೈ ಹಾಕಿರಲಿಲ್ಲ. ಅವತ್ತು ಎದುರಿಗಿದ್ದ ಪೆದ್ದನ ಕಣ್ಣು ತೆರೆಸುವ ಹುರುಪಿನಲ್ಲಿ ಬಿಚ್ಚಿದ.

ಇಂಚಿನ ಹಲ್ಲು ಕೂರಲಿಲ್ಲ. ಒರೆಸಿ ಮತ್ತೆ ಹಚ್ಚಿದ, ಕೂರಲಿಲ್ಲ. ಎಂಎಂ ಹಲ್ಲು ತವರಿಗೆ ಬಂದಂತೆ ಕೂತಿತು. ಕೊಟ್ಟೂರೇಶನಿಗೆ ಇಪ್ಪತ್ತೆರಡು ವರ್ಷ ನಕಲಿಗೆ ಕೈಮುಗಿದ ತನ್ನಂಥ ದಡ್ಡ ದಾವಣಗೆರೆಯಲ್ಲಿ ಇನ್ನೊಬ್ಬನಿಲ್ಲ ಎನಿಸಿ, ತನ್ನ ಮೇಲೇ ಹೇಸಿಗೆ ಬಂತು.

ಯೋಗರಾಜ್ ಗೇಜಿನ ಕಡೆ ನೋಡಲಿಲ್ಲ, ನೋಡಿದ್ದರೂ ತಿಳಿಯುತ್ತಿರಲಿಲ್ಲ. ಅವನ ಕಣ್ಣು ವಿಭೂತಿಯ ಮೇಲಿತ್ತು. “ನೋಡಿದ್ರೇ ಗೊತ್ತಾಗ್ತೈತೆ ಬಿಡ್ರಿ, ಇದು ಅಸಲಿ. ನಂದು ಗುಜರಿಗೆ ಹಾಕ್ತೀನಿ.”

ಹೇಳಿಬಿಡೋಣ ಎಂದು ಕೊಟ್ಟೂರೇಶ ಬಾಯಿ ತೆರೆದ. ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಅಡ್ಡ ಬಂತು. ತನ್ನ ದೀಪದ ತಳವನ್ನು ಮೆಲ್ಲಗೆ ತಿರುಗಿಸಿ ಮುಚ್ಚಿದ.

“ಗುಜರಿಗೆ ಬ್ಯಾಡ,” ಎಂದ. “ಮನೆಯಾಗ ಇಟ್ಕೊಳ್ರಿ. ನೋಡಾಕೆ ಚಂದ ಐತೆ.”