ಅಮ್ಮನವರು ಸೊಪ್ಪು ಕಟ್ಟಿದ ದಿನ

ನಮ್ಮ ಶಾಲೆಯನ್ನು ಯಾರಾದರೂ "ಪಾದ್ರಿ ಸ್ಕೂಲು" ಎಂದು ಮೂಗು ಮುರಿದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಅದು ಏನು ಮಾಡಿತು ಅನ್ನುವುದು ಅವರಿಗೇನು ಗೊತ್ತು? ಅಲ್ಲಿ ಕೂತು ಓದಿದವಳು ನಾನು.

ರಾಮನಾಥಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು, ಅವರಿಗೊಂದು ಹೆಂಚಿನ ಚರ್ಚು. ಐವತ್ತರ ದಶಕದಲ್ಲಿ ಅಲ್ಲಿದ್ದ ಗುರುಗಳು ಚರ್ಚಿನ ಜಗುಲಿಯ ಮೇಲೆ ಚಾಪೆ ಹಾಸಿ ಅಕ್ಷರ ಕಲಿಸಲು ಶುರು ಮಾಡಿದರಂತೆ. ಆಮೇಲೆ ಮಂಗಳೂರು ಕಡೆಯ ಸನ್ಯಾಸಿನಿಯರು ಬಂದರು. ಊರವರ ಬಾಯಲ್ಲಿ ಅವರು ಅಮ್ಮನವರು. ಅವರು ಬಂದ ಮೇಲೆ ಎರಡು ಕೋಣೆಯ ಶಾಲೆ ಎದ್ದಿತು. ಊರ ಯಜಮಾನರ ಮಗಳಿಗೂ ಕೆಳಗಿನ ಕೇರಿಯ ಮಗಳಿಗೂ ಅಲ್ಲಿ ಒಂದೇ ಚಾಪೆ. ಅದನ್ನು ಒಪ್ಪದವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅಮ್ಮನವರು ಇನ್ನೊಂದು ಚಾಪೆ ತರಿಸಲಿಲ್ಲ. ಹೋದವರೇ ಮಾರನೇ ವರ್ಷ ತಲೆ ಕೆರೆದುಕೊಂಡು ವಾಪಸ್ ಬಂದರು. ಜಾತಿ ಕೆಡಿಸುತ್ತಾರೆ ಎಂದು ಹೆದರಿಸಿದವರೂ ಇದ್ದರು. ನಮ್ಮ ಜಾತಿ ಇದ್ದ ಹಾಗೇ ಇತ್ತು, ತಲೆಯಲ್ಲಿದ್ದ ಹೇನು ಮಾತ್ರ ಹೋಯಿತು.

ನಮ್ಮದು ಹೊಗೆಸೊಪ್ಪು ಬೆಳೆಯುವ ಊರು. ಶ್ರಾವಣ ಬಂತೆಂದರೆ ಬೆಳಿಗ್ಗೆ ಕಿತ್ತ ಸೊಪ್ಪನ್ನು ಮನೆಮಂದಿಯೆಲ್ಲ ಚಪ್ಪರದಡಿ ಕೂತು ಉದ್ದನೆಯ ಕಡ್ಡಿಗಳಿಗೆ ಕಟ್ಟಬೇಕು. ಸಂಜೆಯೊಳಗೆ ಆ ಕಡ್ಡಿಗಳನ್ನು ಬ್ಯಾರನ್ನಿಗೆ, ಅಂದರೆ ಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಎತ್ತರದ ಮಣ್ಣಿನ ಮನೆಗೆ, ಏರಿಸಬೇಕು. ತಡವಾದರೆ ಸೊಪ್ಪು ಬಾಡಿ ಹಾಳಾಗುತ್ತದೆ. ಈ ಕೆಲಸಕ್ಕೆ ಮಕ್ಕಳ ಕೈಯೇ ಚುರುಕು, ಹಾಗಾಗಿ ಬೇರೆ ಊರುಗಳಲ್ಲಿ ಆ ತಿಂಗಳುಗಳಲ್ಲಿ ಶಾಲೆ ಬಣಬಣ. ನಮ್ಮ ದೊಡ್ಡ ಅಮ್ಮನವರು, ಅವರೇ ಹೆಡ್‌ಮಿಸ್ಸು, ಶಾಲೆಯ ಹೊತ್ತನ್ನೇ ಬದಲಿಸಿದರು. ಚರ್ಚಿನಲ್ಲಿ ಮುಂಜಾನೆಯ ಗಂಟೆ ಹೊಡೆದರೆ ಅದೇ ನಮಗೂ ಗಂಟೆ. ಹೊಲದಿಂದ ಸೊಪ್ಪಿನ ಹೊರೆ ಬರುವಷ್ಟರಲ್ಲಿ ಪಾಠ ಮುಗಿದಿರುತ್ತಿತ್ತು.

ಆಗ ನಾನು ನಾಲ್ಕನೇ ತರಗತಿ. ಅದೇ ಕೊನೆ, ಮುಂದಕ್ಕೆ ಓದಬೇಕೆಂದರೆ ಅರಕಲಗೂಡಿಗೆ ಹೋಗಬೇಕು. "ಇಲ್ಲೇ ಐದ್ನೇ ಕ್ಲಾಸು ಆದ್ರೆ ಓದ್ಲಿ. ಎಣ್ ಮಗೀನ ಅಷ್ಟ್ ದೂರ ಕಳ್ಸಾಕಾಗಕಿಲ್ಲ," ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಐದನೇ ತರಗತಿಗೆ ಇಲಾಖೆಯ ಅನುಮತಿ ಬೇಕಿತ್ತು. ಅದಕ್ಕೆ ಇನ್‌ಸ್ಪೆಕ್ಟರು ಬಂದು ನೋಡಬೇಕು. ನಾನಂತೂ ಚರ್ಚಿನ ಮಾತೆಗೂ ನಮ್ಮ ಊರದೇವತೆಗೂ ಒಟ್ಟಿಗೇ ಕೈಮುಗಿಯುತ್ತಿದ್ದೆ.

ಇನ್‌ಸ್ಪೆಕ್ಟರು ಹೇಳದೆ ಕೇಳದೆ ಬಂದರು, ಅದೂ ಬಿಸಿಲೇರಿದ ಮೇಲೆ. ಶಾಲೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನಮ್ಮ ಚಪ್ಪರ ಶಾಲೆಯ ಬೇಲಿಗೆ ಅಂಟಿಕೊಂಡಿದ್ದರಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು.

"ಮಕ್ಕಳೆಲ್ಲಿ?" ಎಂದರು ಅವರು.

"ಪಾಠ ಮುಗಿಸಿ ಮನೆಗೆಲಸಕ್ಕೆ ಹೋಗಿದ್ದಾರೆ," ಎಂದರು ದೊಡ್ಡ ಅಮ್ಮನವರು, ಎಂದಿನ ಅದೇ ಪುಸ್ತಕದ ಕನ್ನಡದಲ್ಲಿ.

"ಇಲಾಖೆಯ ಹೊತ್ತಿನಲ್ಲಿ ಮಕ್ಕಳಿಲ್ಲದ ಶಾಲೆಗೆ ನಾನು ಏನಂತ ಶಿಫಾರಸು ಮಾಡಲಿ? ನಾಳೆ ಇದೇ ಹೊತ್ತಿಗೆ ಬರುತ್ತೇನೆ. ಮಕ್ಕಳು ಕೂತಿದ್ದರೆ ಮಾತಾಡೋಣ."

ಹಾಗೆ ಹೇಳಿ ಅವರು ರಾಮನಾಥಪುರದ ಕಡೆ ಹೊರಟರು. ನನ್ನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು.

ಸಂಜೆ ಅಮ್ಮನವರು ತಂದೆತಾಯಿಗಳನ್ನೆಲ್ಲ ಚರ್ಚಿನ ಜಗುಲಿಗೆ ಕರೆದರು. ನಾಳೆ ಬಿಸಿಲೇರಿದ ಮೇಲೂ ಮಕ್ಕಳನ್ನು ಶಾಲೆಯಲ್ಲೇ ಬಿಡಿ ಎಂದು ಕೇಳಿಕೊಂಡರು. ಅಪ್ಪನೇ ಮೊದಲು ಬಾಯಿಬಿಟ್ಟ. "ಸೊಪ್ಪು ಅಣ್ಣಾಗೈತೆ ತಾಯಿ. ನಾಳೆ ಕೀಳ್ದೆ ಇದ್ರೆ ಓಯ್ತು. ಕಿತ್ಮ್ಯಾಲೆ ಕಟ್ಟೋರ್ಯಾರು?"

"ನಾವು ಬರುತ್ತೇವೆ," ಎಂದರು ದೊಡ್ಡ ಅಮ್ಮನವರು.

ತಮಾಷೆ ಅಂದುಕೊಂಡು ಕೆಲವರು ನಕ್ಕರು. ಅಮ್ಮನವರು ನಗಲಿಲ್ಲ.

ಮಾರನೆಯ ದಿನ ಇನ್‌ಸ್ಪೆಕ್ಟರು ಬಂದಾಗ ಚಾಪೆಗಳು ತುಂಬಿದ್ದವು. ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಅಮ್ಮನವರ ಜೊತೆ ಪಾಠ ಹೇಳುತ್ತಿದ್ದ ಮೇಷ್ಟ್ರೊಬ್ಬರೇ. ಇನ್‌ಸ್ಪೆಕ್ಟರು ಮಗ್ಗಿ ಕೇಳಿದರು, ಹೇಳಿದೆವು. ಕಾವೇರಿ ಎಲ್ಲಿ ಹುಟ್ಟುತ್ತಾಳೆಂದು ಕೇಳಿದರು, ಅದನ್ನೂ ಹೇಳಿದೆವು. ಆಮೇಲೆ ಸುತ್ತ ನೋಡಿ, ಮುಂದೆ ಕೂತಿದ್ದ ನನ್ನನ್ನೇ ಕೇಳಿದರು, "ನಿಮ್ಮ ಹೆಡ್‌ಮಿಸ್ಟ್ರೆಸ್ ಎಲ್ಲಮ್ಮ? ನಿನ್ನೆ ಮಕ್ಕಳಿಲ್ಲ, ಇವತ್ತು ಅವರಿಲ್ಲ."

ನಾನು ಎದ್ದು ನಿಂತೆ. "ನಮ್ ಚಪ್ಪರದಾಗೆ ಸೊಪ್ಪು ಕಟ್ತಾವ್ರೆ ಸಾ. ನಾವ್ ಇಲ್ಲಿ ಕುಂತಿದೀವಲ್ಲ, ಅದ್ಕೆ."

ಇನ್‌ಸ್ಪೆಕ್ಟರು ಹೊರಗೆ ಹೋದರು. ನಾವು ಕಿಟಕಿಗೆ ಮುತ್ತಿಕೊಂಡೆವು. ಬೇಲಿಯಾಚೆ ಬಿಳಿಯುಡುಪಿನ ದೊಡ್ಡ ಅಮ್ಮನವರು ನಮ್ಮವ್ವನ ಪಕ್ಕ ನೆಲದ ಮೇಲೆ ಕೂತಿದ್ದರು. ಹಸಿ ಸೊಪ್ಪಿನ ಅಂಟು ಮೆತ್ತಿ ಅವರ ಕೈ ಮೊಣಕೈವರೆಗೂ ಕರ್ರಗಾಗಿತ್ತು. ಇನ್‌ಸ್ಪೆಕ್ಟರನ್ನು ಕಂಡು ಎದ್ದರು, ಕೈ ಮುಗಿಯಲು ಹೋದರೆ ಅಂಗೈಗಳು ಅಂಟಿಕೊಂಡವು. ಇನ್‌ಸ್ಪೆಕ್ಟರು, "ಬರುವ ವರ್ಷ ಐದನೇ ತರಗತಿ ತೆರೆಯಿರಿ ಸಿಸ್ಟರ್. ನಾನು ಬರೆಯುತ್ತೇನೆ," ಎಂದರು. ನಾನು ಕುಣಿದ ಕುಣಿತಕ್ಕೆ ಮೇಷ್ಟ್ರು ಕಿವಿ ಹಿಂಡಿದರು. ಆ ದಿನದ ಹೆಮ್ಮೆ ನನಗೆ ಆಮೇಲೆ ಯಾವ ಪದವಿಯಿಂದಲೂ ಸಿಗಲಿಲ್ಲ.

ಸಂಜೆ ಬ್ಯಾರನ್ ತುಂಬುವಾಗ, ಅಮ್ಮನವರು ಕಟ್ಟಿದ ಒಂದು ಕಡ್ಡಿಯನ್ನು ಅಪ್ಪ ಎತ್ತಿದ. ಅರ್ಧ ಸೊಪ್ಪು ಜಾರಿ ಅವನ ಕಾಲ ಮೇಲೆ ಬಿತ್ತು. ಇನ್ನೊಂದನ್ನು ಎತ್ತಿದ, ಅದೂ ಅಷ್ಟೇ. ಅಂಥ ಸೊಪ್ಪು ಒಳಗೆ ಒಲೆಯ ಬಿಸಿ ಹಾಯುವ ಕಾದ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ನಿಗೆ ಬೆಂಕಿ. ಅಪ್ಪನ ಸಿಟ್ಟು ಊರಿಗೇ ಗೊತ್ತಿದ್ದದ್ದು. ಆದರೆ ಅಪ್ಪ ಬಾಗಿಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಅಮ್ಮನವರ ಕಡ್ಡಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಹೊಸದಾಗಿ ಕಟ್ಟತೊಡಗಿದ. ನಾನೂ ಕೂತು ಕಡ್ಡಿಗೆ ಕೈ ಹಾಕಿದೆ. ಅಪ್ಪ ಅದನ್ನು ಕಿತ್ತುಕೊಂಡ.

"ನೀ ಬುಡು, ಓಗಿ ಓದ್ಕೊ," ಎಂದ. "ಅಮ್ಮೋರ್ಗೆ ಮಾತ್ರ ಯೋಳ್ಬ್ಯಾಡ ಕಣವ್ವ."