ಎನ್‌ಒಸಿ ಎಂಬ ಮೂರಕ್ಷರ

ಪುಕ್ಕಲುತನದಲ್ಲಿ ನನ್ನನ್ನು ಮೀರಿಸುವವರು ಆಗ ಮಸ್ಕತ್ತಿನ ರೂವಿಯಲ್ಲಿ ಇದ್ದಿರಲಾರರು. ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಮಕ್ಕಳ ಶಾಲೆ, ಆಡಳಿತ ಸಮಿತಿಗೆ ಪೋಷಕರ ಪ್ರತಿನಿಧಿಯನ್ನು ಚುನಾವಣೆಯಲ್ಲಿ ಆರಿಸುವುದಾಗಿ ಚೀಟಿ ಕಳಿಸಿತು. ನಾನು ಓದಿ, ಮಡಚಿ ಕಿಸೆಗೆ ಹಾಕಿಕೊಂಡೆ. ಅಲ್ಲಿ ಆಫೀಸಿನವರ ಮಕ್ಕಳಿಗೆ ಬೆಳಗಿನ ಪಾಳಿ, ಡ್ರೈವರು, ದರ್ಜಿಗಳ ಮಕ್ಕಳಿಗೆ ಮಧ್ಯಾಹ್ನದ ಪಾಳಿ. ಬೆಳಗಿನವರು ಹೊರಡುವ ತನಕ ಅವು ಬಿಸಿಲಲ್ಲಿ ಗೇಟಿನ ಹೊರಗೆ ಕಾಯಬೇಕು. ಅನ್ಯಾಯವೆಂದು ಗೊತ್ತಿತ್ತು. ನನ್ನ ಮಗಳದು ಬೆಳಗಿನ ಪಾಳಿ, ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಚುನಾವಣೆಗೆ ನಿಲ್ಲುವವರು ಕೆಲಸ ಕೊಟ್ಟವರಿಂದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲವೆಂಬ ಪತ್ರ, ತರಬೇಕಿತ್ತು. ಬಾಸಿನ ಮುಂದೆ ಆ ಮಾತೆತ್ತುವುದನ್ನು ನೆನೆದರೇ ನನ್ನ ಕೈ ಬೆವರುತ್ತಿತ್ತು. ಅದಕ್ಕೆ ಕೆಳಗಿನ ಮಹಡಿಯ ದರ್ಜಿಯನ್ನು ಚುನಾವಣೆಗೆ ನಿಲ್ಲುವಂತೆ ಹುರಿದುಂಬಿಸಿದೆ. ಪುತ್ತೂರಿನ ಕಡೆಯವರು. ಅವರ ಮಗಳು ಅದೇ ಗೇಟಿನ ಬಳಿ ತಲೆಸುತ್ತಿ ಬಿದ್ದು ವಾರವಾಗಿತ್ತು.

"ಕಫೀಲನ ಹತ್ರ ಎಂತ ಹೇಳುದು?" ಎಂದರು. ಕಫೀಲನೆಂದರೆ ಅವರ ವೀಸಾ ಕೈಯಲ್ಲಿಟ್ಟುಕೊಂಡಿದ್ದ ಅಂಗಡಿಯ ಮಾಲೀಕ.

"ಎನ್‌ಒಸಿ ಬೇಕು ಅಂತ ಹೇಳಿ, ಸಾಕು."

ಮರುದಿನ ಸಂಜೆ ಬಾಗಿಲಲ್ಲಿ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು. ಗಲ್ಫಿನಲ್ಲಿ ಕೆಲಸಗಾರ ಬಾಯಿ ಬಿಟ್ಟು ಎನ್‌ಒಸಿ ಕೇಳಿದರೆ, ಕೆಲಸ ಬಿಟ್ಟು ಬೇರೆಯವರಲ್ಲಿಗೆ ಹೋಗುತ್ತಾನೆಂದೇ ಅರ್ಥ. ಕಫೀಲನೂ ಹಾಗೇ ತಿಳಿದಿದ್ದ.

"ಖಲಾಸ್ ಅಂದ. ವೀಸಾ ಕ್ಯಾನ್ಸಲ್ ಅಂತೆ. ನೀವು ಹೇಳಿದ್ದನ್ನೇ ಹೇಳಿದ್ದು ಮಾರಾಯ್ರೆ ನಾನು."

ಒಂದು ಸಂಸಾರವನ್ನು ಮೂರಕ್ಷರದಲ್ಲಿ ಊರಿಗೆ ಅಟ್ಟಿದ್ದೆ. ಹೆದರಿಕೆಯಲ್ಲೇ ಅವರ ಜೊತೆ ಕಫೀಲನ ಅಂಗಡಿಗೆ ಹೋದೆ. ನನ್ನ ಹರಕು ಹಿಂದಿಯಲ್ಲಿ ಗೇಟು, ಬಿಸಿಲು, ತಲೆಸುತ್ತಿ ಬಿದ್ದ ಮಗು ಎಲ್ಲವನ್ನೂ ಹೇಳಿದೆ. ಇವರು ಎಲ್ಲಿಗೂ ಹೋಗುವುದಿಲ್ಲ, ಇದು ಶಾಲೆಯ ಇಲೆಕ್ಷನ್ನಿನ ಕಾಗದ ಎಂದೆ.

ಮುದುಕ ಕಫೀಲ ಕಾಫಿಯ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದ. "ಬಾತ್ ತುಮ್ ಕರ್ತಾ, ಖಡಾ ಇಸ್ಕೋ ಕರ್ತಾ?"

ಮಾತಾಡುವವನು ನೀನು, ಚುನಾವಣೆಗೆ ನಿಲ್ಲಿಸುವುದು ಇವನನ್ನೇ? ನಾನು ಕಾಗದವನ್ನು ಅವನ ಮುಂದೆ ಸರಿಸಿದೆ. ಕೆಲಸ ಉಳಿಯಿತು, ಕಾಗದಕ್ಕೆ ಸಹಿಯೂ ಬಿತ್ತು. ಆದರೆ ಹೊರಗೆ ಬಂದವರೇ ದರ್ಜಿ ಅದನ್ನು ಹರಿದುಹಾಕಿದರು. "ನಂಗೆ ಬೇಡ ಈ ಇಲೆಕ್ಷನು. ನನ್ನ ಕೈಕಾಲು ಇನ್ನೂ ನಡುಗ್ತಾ ಉಂಟು."

ಮರುದಿನ ಬಾಸಿನ ಬಾಗಿಲು ತಟ್ಟಿದೆ. ಈಗ ನಡುಗುವ ಸರದಿ ನನ್ನದು. ಒಳಗೆ ಹೋಗಿ 'ಸ್ಕೂಲಿನ ಇಲೆಕ್ಷನ್' ಎಂದು ಮೂರು ಸಲ ಹೇಳಿ, ಆಮೇಲಷ್ಟೇ ಆ ಮೂರಕ್ಷರ ಹೇಳಿದೆ.